ಮನೆಯೊಳಗಣ ಜೇಡಗಳನ್ನು ಗುರುತಿಸುವ ಪಾಠ

ಕೆಲವು ವರುಷಗಳ ಹಿಂದೆ ಮಳೆಗಾಲದ ಒಂದು ರಾತ್ರಿ ನಾವು ಒಂದು ಹಳ್ಳಿಯಲ್ಲಿ ಒಬ್ಬ ರೈತನ ಮನೆಯೊಳಗೆ ತಂಗಿದ್ದೆವು. ಮನೆಯವರೆಲ್ಲರೂ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದರು. ಮಧ್ಯರಾತ್ರಿ ಕಳೆದ ಮೇಲೆ ಆ ಮನೆಯ ಹಿರೇ ಮಗನು ಎದ್ದು ಕೂತು, ತೋಳಿನ ಮೇಲೆ ಏನೋ ಚುಚ್ಚಿದ ಹಾಗಾಯಿತೆಂದನು. ದೀಪ ಹಾಕಿ ನೋಡುವಲ್ಲಿ ಗೋಡೆಯ ಮೇಲೆ ಅಂಗೈಯಗಲದ ಜೇಡರ ಹುಳು ಒಂದು ಅಂಟಿಕೊಂಡಿತ್ತು. ತಂದೆಯು ಅದನ್ನು ಕೆರದಿಂದ ಹೊಡೆದು ಕೊಂದನು. “ಜೇಡ ಮುಟ್ಟಿದ್ದು ಮಗಾ, ಬೆಳಿಗ್ಗೆ ಅರಿಸಿನ ಹಚ್ಚಿದರಾಯಿತು, ಮಲಗಿಕೋ” ಎಂದು ಅಜ್ಜಿಯು ಹೇಳಿದಳು. ತೋಳಿನಲ್ಲಿ ಬಾವು ಇರಲಿಲ್ಲ, ಉರಿ ಇರಲಿಲ್ಲ, ಗುರುತು ಸಹ ಸರಿಯಾಗಿ ಕಾಣಲಿಲ್ಲ. ನಾವೂ ಅಜ್ಜಿಯ ಮಾತಿಗೆ ತಲೆದೂಗಿ ಮಲಗಿಬಿಟ್ಟೆವು. ಹಾಗೆ ತಲೆದೂಗಿದ್ದನ್ನು ನೆನಸಿದರೆ ಈಗಲೂ ನಮಗೆ ನಾಚಿಕೆಯಾಗುವದು. ಆ ರಾತ್ರಿಯ ಮಿಕ್ಕ ಸಂಗತಿಯನ್ನು ಪಾಠದ ಕೊನೆಯ ಭಾಗದಲ್ಲಿ ಹೇಳುವೆವು. ಮೊದಲು, ಆ ಗೋಡೆಯ ಮೇಲಿದ್ದದ್ದು ಯಾವದು, ಅದರ ಬಂಧುಗಳು ಯಾವವು, ಅವುಗಳೊಳಗೆ ಯಾವದಕ್ಕೆ ಅಂಜಬೇಕು, ಯಾವದಕ್ಕೆ ಅಂಜಬೇಕಾದದ್ದಿಲ್ಲ ಎಂಬದನ್ನು ಕಲಿಯೋಣ.

ಯೋಬನ ಗ್ರಂಥದಲ್ಲಿಯೂ ಯೆಶಾಯನ ಗ್ರಂಥದಲ್ಲಿಯೂ ಜೇಡರ ಬಲೆಯ ಮಾತು ಬರುವದನ್ನು ನಮ್ಮ ವಾಚಕರು ಬಲ್ಲರು. ಆದರೆ ಬಲೆಯನ್ನು ಬಲ್ಲವರು ಬಹಳ, ನೇಯುವವನನ್ನು ಬಲ್ಲವರು ಕೊಂಚ. ನಮ್ಮ ಭಾಷೆಯಲ್ಲಿ ಜೇಡನೆಂದರೆ ನೇಯುವವನೆಂದೇ ಹಳೇ ಅರ್ಥ. ವಚನಗಳನ್ನು ಹೇಳಿದ ದಾಸಿಮಯ್ಯನಿಗೆ ಜೇಡರ ದಾಸಿಮಯ್ಯನೆಂಬ ಹೆಸರು ಬಂದದ್ದು ಅವನ ಮಗ್ಗದ ಕಸುಬಿನಿಂದಲೇ. ಹುಳುವೆಂದು ನಾವು ರೂಢಿಯಾಗಿ ಕರೆದರೂ ಜೇಡವು ನೊಣ, ಇರುವೆ, ಜಿರಳೆಗಳ ಜಾತಿಗೆ ಸೇರಿದ್ದಲ್ಲ. ಹೇಗಂದರೆ, ಆ ಕೀಟಗಳಿಗೆ ಕಾಲು ೬, ಜೇಡಕ್ಕೆ ೮. ಅವುಗಳ ಮೈಯಲ್ಲಿ ತಲೆ, ಎದೆ, ಹೊಟ್ಟೆ ಎಂಬ ೩ ಭಾಗಗಳುಂಟು. ಜೇಡಕ್ಕೆ ತಲೆಯೂ ಎದೆಯೂ ಒಂದೇ ಆಗಿ ಕೂಡಿಕೊಂಡು, ಹಿಂದೆ ಹೊಟ್ಟೆಯೊಂದು, ಹೀಗೆ ಎರಡೇ ಭಾಗಗಳು. ರೆಕ್ಕೆಯಾಗಲಿ ಮೀಸೆಯಾಗಲಿ ಅದಕ್ಕಿಲ್ಲ. ಮುಂಭಾಗದಲ್ಲಿ ಸಣ್ಣ ಕಾಲಿನಂತೆ ಕಾಣುವ ಎರಡು ಕೈಗಳುಂಟು. ಇವುಗಳ ತುದಿ ಗಂಟುಗಂಟಾಗಿ ಊದಿಕೊಂಡಿದ್ದರೆ ಅದು ಗಂಡೆಂದು ತಿಳಿಯಬೇಕು. ಹೊಟ್ಟೆಯ ಹಿಂದುಗಡೆಯಲ್ಲಿರುವ ಮೊಲೆತೊಟ್ಟಿನಂಥಾ ಚಿಕ್ಕ ಅಂಗಗಳಿಂದ ನೂಲು ಹೊರಡುವದು. ಜೇಡಗಳೆಲ್ಲಾ ನೂಲನ್ನು ತೆಗೆಯುವವು. ಆದರೆ ಎಲ್ಲಾ ಜೇಡಗಳು ಬಲೆ ಕಟ್ಟುವದಿಲ್ಲ. ಇದನ್ನು ಚೆನ್ನಾಗಿ ನೆನಪಿನಲ್ಲಿಡಿರಿ, ಯಾಕಂದರೆ ಮನೆಯ ಜೇಡಗಳನ್ನು ಗುರುತಿಸುವದಕ್ಕೆ ಇದೇ ಮೊದಲನೇ ಪ್ರಶ್ನೆ: ಅದು ಬಲೆಯಲ್ಲಿ ಕೂತಿದೆಯೋ, ಗೋಡೆಯ ಮೇಲೆ ತಿರುಗಾಡುತ್ತದೆಯೋ?

ಲೋಕದಲ್ಲಿ ಪಂಡಿತರು ಹೆಸರಿಟ್ಟ ಜೇಡಗಳ ಜಾತಿಗಳ ಲೆಕ್ಕವು ೨೦೨೨ನೇ ವರುಷದಲ್ಲಿ ೫೦,೦೦೦ ದಾಟಿತು. ನಮ್ಮ ದೇಶದವುಗಳನ್ನು ಪೋಕಾಕನೆಂಬ ಆಂಗ್ಲ ವಿದ್ವಾಂಸನು ೧೯೦೦ರಲ್ಲಿಯೇ ಒಂದು ದೊಡ್ಡ ಗ್ರಂಥದಲ್ಲಿ ವರ್ಣಿಸಿದನು. ಅಷ್ಟೆಲ್ಲಾ ನಮಗೆ ಬೇಡ. ಮನೆಯೊಳಗೆ ನಮ್ಮ ಜೊತೆ ವಾಸಿಸುವವು ಐದಾರು ಮಾತ್ರ. ಊರಲ್ಲಿ ಎಲ್ಲವನ್ನೂ ಜೇಡವೆಂದೇ ಕರೆಯುವದರಿಂದ, ಈ ಪಾಠಕ್ಕೋಸ್ಕರ ಒಂದೊಂದಕ್ಕೆ ಒಂದೊಂದು ಗುರುತಿನ ಹೆಸರನ್ನು ನಾವೇ ಇಟ್ಟುಕೊಳ್ಳುವೆವು.

ಮೊದಲನೇದು ಉದ್ದಕಾಲಿನ ಜೇಡ. ಜಂತಿಯ ಸಂದು, ಅಟ್ಟದ ಮೂಲೆ, ಬಾಗಿಲಿನ ಹಿಂಭಾಗ, ಬಚ್ಚಲಿನ ಕತ್ತಲು ಇವೆಲ್ಲಾ ಇದರ ಸ್ಥಳಗಳು. ಮೈ ಒಂದು ಭತ್ತದ ಕಾಳಿನಷ್ಟು; ಕಾಲುಗಳಾದರೋ ಕೂದಲಿನ ಹಾಗೆ ಸಪೂರವಾಗಿಯೂ ಮೈಗಿಂತ ಎಷ್ಟೋ ಪಟ್ಟು ಉದ್ದವಾಗಿಯೂ ಇರುವವು. ಇದರ ಬಲೆಗೆ ಅಂದವಿಲ್ಲ. ಎಳೆಗಳನ್ನು ಮನಸ್ಸಿಗೆ ಬಂದ ಹಾಗೆ ಎಳೆದು ಬಿಟ್ಟಂತಿರುವದು. ಅದರಲ್ಲಿ ಇದು ತಲೆಕೆಳಗಾಗಿ ತೂಗುವದು. ಬೆರಳಿನಿಂದ ಬಲೆಯನ್ನು ಮೆಲ್ಲಗೆ ಮುಟ್ಟಿದರೆ, ಜೇಡವು ಓಡಿಹೋಗದೆ ತನ್ನ ಮೈಯನ್ನು ಗಿರ್ರನೆ ಅಲ್ಲಾಡಿಸುವದು. ಆಗ ಅದು ಮಂಜಿನ ಹಾಗೆ ಮಸುಕಾಗಿ, ಎಲ್ಲಿದೆ ಎಂಬದು ಕಣ್ಣಿಗೆ ಸಿಕ್ಕದು. ಮಕ್ಕಳಿಗೆ ಇದನ್ನು ಒಂದು ಸಾರಿ ತೋರಿಸಿದರೆ ಮರೆಯಲಾರರು. ನಮ್ಮ ಕಡೆಯ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಒಂದು ಜಾತಿಯ ಹೊಟ್ಟೆಯು ಹಿಂದುಗಡೆ ಮೇಲಕ್ಕೆ ಮೊನಚಾಗಿ ಎದ್ದು, ಪಕ್ಕದಿಂದ ನೋಡಿದರೆ ಪೆಟ್ಟಿಗೆಯ ಮೂಲೆಯಂತೆ ತೋರುವದು. ಇದಕ್ಕೆ ಪಂಡಿತರು ಕ್ರಾಸೋಪ್ರೈಝಾ ಲಯೋನಿ ಎಂದು ಹೆಸರಿಟ್ಟಿದ್ದಾರೆ. ತಾಯಿಯು ಮೊಟ್ಟೆಗಳನ್ನು ಕೆಲವೇ ಎಳೆಗಳಿಂದ ಉಂಡೆ ಕಟ್ಟಿ, ಮರಿಯೊಡೆಯುವ ತನಕ ಬಾಯಲ್ಲಿ ಕಚ್ಚಿಕೊಂಡಿರುವದು. ಬಲೆಯಲ್ಲಿ ತೂಗುವ ಬಿಳಿಚಾದ ಒಣ ಜೇಡಗಳನ್ನು ಕಂಡು ಸತ್ತವೆಂದು ಎಣಿಸಬೇಡಿರಿ; ಅವುಗಳಲ್ಲಿ ಬಹಳವು ಬೆಳೆಯುವಾಗ ಕಳಚಿಬಿಟ್ಟ ಪೊರೆಗಳೇ. ಇದು ಸೊಳ್ಳೆಗಳನ್ನು ಹಿಡಿದು ತಿನ್ನುವದನ್ನು ಯಾರಾದರೂ ಬಲೆಯ ಕೆಳಗೆ ಬಿದ್ದಿರುವ ಹೆಣಗಳಿಂದ ತಿಳಿಯಬಹುದು. ಮನುಷ್ಯನಿಗೆ ಇದರಿಂದ ಯಾವ ಅಪಾಯವೂ ಇಲ್ಲ.

ಎರಡನೇದು ಚಪ್ಪಟೆ ಜೇಡ. ನಾವು ಮೇಲೆ ಹೇಳಿದ ರಾತ್ರಿಯಲ್ಲಿ ಸತ್ತದ್ದು ಇದೇ. ನೋಡಿದವರು ಬೆಚ್ಚಿಬೀಳುವದು ಸಹಜ, ಯಾಕಂದರೆ ಕಾಲು ಚಾಚಿಕೊಂಡರೆ ೭ರಿಂದ ೧೨ ಸೆಂಟಿಮೀಟರು ಅಗಲವಾಗುವದು. ಬಣ್ಣವು ಒಣ ಅಡಿಕೆಯ ಸಿಪ್ಪೆಯಂತೆ ಕಂದು. ಕಾಲುಗಳು ನೆಟ್ಟಗೆ ನಿಲ್ಲದೆ ಏಡಿಯ ಕಾಲುಗಳಂತೆ ಪಕ್ಕಗಳಿಗೆ ಬಾಗಿರುವದರಿಂದ, ಅದು ಗೋಡೆಗೆ ಒತ್ತಿಕೊಂಡು ಪಕ್ಕಪಕ್ಕಕ್ಕೆ ಸರ್ರನೆ ಓಡಬಲ್ಲದು, ಗಡಿಯಾರದ ಹಿಂದೆಯೂ ಪಟದ ಹಿಂದೆಯೂ ನುಸುಳಬಲ್ಲದು. ಮುಖದಲ್ಲಿ ಕಣ್ಣುಗಳ ಕೆಳಗೆ ಅಡ್ಡಲಾಗಿ ಒಂದು ಬೆಳ್ಳಗಿನ ಪಟ್ಟೆಯುಂಟು. ಇದು ಬಲೆ ಕಟ್ಟುವದಿಲ್ಲ. ಹಗಲೆಲ್ಲಾ ಅಡಗಿದ್ದು, ರಾತ್ರಿ ಜಿರಳೆಗಳನ್ನು ಬೇಟೆಯಾಡುವದು. ಹೆಣ್ಣು ಮೊಟ್ಟೆಯಿಟ್ಟ ಮೇಲೆ ನಾಣ್ಯದಂತೆ ದುಂಡಗೂ ಚಪ್ಪಟೆಯಾಗಿಯೂ ಇರುವ ಬಿಳೀ ಚೀಲವನ್ನು ಎದೆಯ ಕೆಳಗೆ ಹಿಡುಕೊಂಡು ತಿರುಗುವದು. ಅದರೊಳಗೆ ಸುಮಾರು ೨೦೦ ಮೊಟ್ಟೆಗಳಿರುವವು. ಹೊಟ್ಟೆಯಲ್ಲಿ ಬಿಳೀ ಬಿಲ್ಲೆ ಅಂಟಿಸಿಕೊಂಡ ಜೇಡವನ್ನು ಕಂಡೆವೆಂದು ಹೇಳುವವರು ಕಂಡದ್ದು ಇದನ್ನೇ. ಆ ದಿನಗಳಲ್ಲಿ ತಾಯಿಯು ಬೇಟೆಯನ್ನು ಬಿಟ್ಟು ಚೀಲವನ್ನು ಕಾಯುವದು. ಇದಕ್ಕೆ ಹೆಟೆರೋಪೋಡಾ ವೆನಟೋರಿಯಾ ಎಂಬ ಹೆಸರು. ವೆನಟೋರಿಯಾ ಎಂಬದಕ್ಕೆ ಬೇಟೆಗಾರ್ತಿ ಎಂದು ಅರ್ಥ. ಸ್ವೀಡನ್ ದೇಶದ ಲಿನ್ನೇಯಸನು ೧೭೬೭ರಲ್ಲಿ ಇದನ್ನು ವರ್ಣಿಸಿದನು. ಹಡಗುಗಳಲ್ಲಿಯೂ ಬಾಳೆಗೊನೆಗಳಲ್ಲಿಯೂ ಕೂತು ಇದು ಬೆಚ್ಚಗಿನ ದೇಶಗಳಿಗೆಲ್ಲಾ ಹರಡಿದೆ. ಕೈಯಿಂದ ಅದುಮಿ ಹಿಡಿದರೆ ಕಚ್ಚುವದುಂಟು. ಆಗ ನೋವೂ ಸ್ವಲ್ಪ ಬಾವೂ ಆಗಿ ಒಂದೆರಡು ದಿವಸದಲ್ಲಿ ಇಳಿಯುವವು. ತಾನಾಗಿ ಮನುಷ್ಯನ ಮೇಲೆ ಬೀಳುವ ಗುಣ ಅದಕ್ಕಿಲ್ಲ. ಬೇಡವಾದರೆ ಒಂದು ಪಾತ್ರೆಯನ್ನು ಅದರ ಮೇಲೆ ಬೋರಲು ಹಾಕಿ, ರಟ್ಟನ್ನು ಕೆಳಗೆ ತೂರಿಸಿ, ಹಿತ್ತಿಲಿಗೆ ಬಿಡಬಹುದು. ನಮ್ಮ ಮನೆಯಲ್ಲಾದರೋ ಅಡಿಗೆಮನೆಯ ಹಂಚಿನ ಕೆಳಗೆ ಒಂದು ಇದ್ದಷ್ಟು ದಿನ ನಾವು ಅದನ್ನು ಕದಲಿಸಲಿಲ್ಲ.

ಮೂರನೇದು ಜಿಗಿಯುವ ಜೇಡ. ನಮಗೆ ಇದರ ಮೇಲೆ ಪ್ರೀತಿ ಹೆಚ್ಚೆಂಬದನ್ನು ಮರೆಮಾಡುವದಿಲ್ಲ. ಹಗಲು ಹೊತ್ತಿನಲ್ಲಿ ಕಿಟಕಿಯ ಬಳಿಯಲ್ಲಿಯೂ ಬಿಸಿಲು ಬಿದ್ದ ಗೋಡೆಯ ಮೇಲೂ ತುಂಡುಕಾಲಿನ, ಮೈಯಲ್ಲಿ ರೋಮವುಳ್ಳ, ಬೆರಳುಗುರಿನಷ್ಟು ಚಿಕ್ಕದಾದ ಜೇಡವು ನಿಂತು ನಿಂತು ನಡೆಯುವದನ್ನು ಯಾರು ಕಾಣಲಿಲ್ಲ? ಇದಕ್ಕೆ ೮ ಕಣ್ಣುಗಳಿದ್ದಾಗ್ಯೂ ಮುಂದಿನ ಎರಡು ಮೋಟಾರು ಗಾಡಿಯ ದೀಪಗಳಂತೆ ದೊಡ್ಡವು. ನೀವು ಬೆರಳನ್ನು ಅಲ್ಲಾಡಿಸಿದರೆ ಅದು ತಿರುಗಿ ನಿಮ್ಮನ್ನೇ ನೋಡುವದು. ಬೇರೆ ಯಾವ ಮನೆಜೇಡವೂ ಹೀಗೆ ಮುಖಕೊಟ್ಟು ನೋಡುವದಿಲ್ಲ. ನೊಣವನ್ನು ಕಂಡರೆ ಬೆಕ್ಕಿನ ಹಾಗೆ ಮೆಲ್ಲಮೆಲ್ಲಗೆ ಸಮೀಪಿಸಿ, ಮೊದಲು ಒಂದು ನೂಲೆಳೆಯನ್ನು ಗೋಡೆಗೆ ಅಂಟಿಸಿಕೊಂಡು, ಆಮೇಲೆ ಹಾರುವದು. ಗುರಿ ತಪ್ಪಿದರೆ ಆ ಎಳೆಯಲ್ಲಿ ತೂಗಿ, ಹತ್ತಿ ಮೇಲಕ್ಕೆ ಬರುವದು. ಬಾವಿಗಿಳಿಯುವವನು ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುವ ಹಾಗೆ. ಇಷ್ಟು ಚಿಕ್ಕ ಕಾಲಿನಿಂದ ಹೇಗೆ ಹಾರುವದೆಂದರೆ, ಜೇಡಗಳಿಗೆ ಕಾಲನ್ನು ಮಡಚುವ ಸ್ನಾಯುಗಳಿದ್ದರೂ ದೊಡ್ಡ ಕೀಲುಗಳಲ್ಲಿ ಚಾಚುವ ಸ್ನಾಯುಗಳಿಲ್ಲ. ಮೈಯೊಳಗಿನ ದ್ರವವನ್ನು ಒತ್ತಿ ಕಾಲಿಗೆ ನುಗ್ಗಿಸುವದರಿಂದ ಕಾಲು ಚಾಚಿಕೊಳ್ಳುವದು. ಸತ್ತ ಜೇಡದ ಕಾಲುಗಳೆಲ್ಲಾ ಒಳಕ್ಕೆ ಮುದುರಿಕೊಂಡಿರುವದಕ್ಕೆ ಕಾರಣವು ಇದೇ. ಮನೆಯೊಳಗೆ ಕಾಣುವ ಒಂದು ಜಾತಿಯ ಗಂಡು ಕಪ್ಪಗಿದ್ದು ಬೆನ್ನಿನುದ್ದಕ್ಕೂ ಬಿಳೀ ಗೆರೆಗಳುಳ್ಳದ್ದು, ಹೆಣ್ಣು ಬೂದಿ ಬೆರೆತ ಕಂದು. ಹೊರಗೋಡೆಯ ಮೇಲಿನ ಇನ್ನೊಂದು ಜಾತಿ ಬೂದುಬಣ್ಣದ್ದು, ಹೆಚ್ಚು ಚಪ್ಪಟೆಯಾದದ್ದು.

ಮಿಕ್ಕವುಗಳನ್ನು ಬೇಗನೆ ಹೇಳುವೆವು. ರಾತ್ರಿ ಗೋಡೆಯ ಮೇಲೆ ಸಾವಕಾಶವಾಗಿ, ಮುದುಕರ ಹಾಗೆ ನಡೆಯುವ, ತಲೆಯ ಭಾಗವು ಹೊಟ್ಟೆಯಷ್ಟೇ ಎತ್ತರಕ್ಕೆ ಉಬ್ಬಿರುವ ಒಂದು ಜೇಡವುಂಟು. ಇದು ಉಗುಳುವ ಜೇಡ. ಇದರ ಕಣ್ಣು ೬ ಮಾತ್ರ. ಹುಳುವಿನ ಮೇಲೆ ಅಂಟನ್ನು ಅಂಕುಡೊಂಕಾಗಿ ಉಗುಳಿ, ಕಣ್ಣುರೆಪ್ಪೆ ಮುಚ್ಚಿ ತೆರೆಯುವದರೊಳಗೆ ಅದನ್ನು ಗೋಡೆಗೆ ಅಂಟಿಸಿಬಿಡುವದು. ಗೋಡೆಯ ಸಣ್ಣ ತೂತಿನ ಮೇಲೆ ಕಾಸಿನಷ್ಟಗಲದ ಬಿಳೀ ನೂಲಿನ ತೇಪೆ ಕಂಡರೆ, ಅದರ ಕೆಳಗೆ ಸಾಸಿವೆಗಿಂತ ತುಸು ದೊಡ್ಡದಾದ ಜೇಡವೊಂದು ಇರುವೆಗಳನ್ನು ಕಾಯುತ್ತಾ ಇರುವದು. ಕಾಳು ಕೋಣೆಯ ಕತ್ತಲಲ್ಲಿ ತಟ್ಟೆಯ ಹಾಗೆ ಮಟ್ಟಸವಾಗಿ ಹರಡಿದ ಚಕ್ರದಂಥಾ ಬಲೆಯಿದ್ದರೆ, ಅದರ ಯಜಮಾನನಿಗೆ ವಿಷವೇ ಇಲ್ಲ. ಅದು ಹುಳುವನ್ನು ನೂಲಿನಿಂದ ಸುತ್ತಿ ಸುತ್ತಿ ಕೊಲ್ಲುವದು. ಮಿಕ್ಕ ಜೇಡಗಳಲ್ಲಿ ಹೆಚ್ಚುಕಡಿಮೆ ಎಲ್ಲವುಗಳಿಗೆ ವಿಷವಿದ್ದರೂ ಅದು ನೊಣ ಸೊಳ್ಳೆಗಳ ಅಳತೆಯದ್ದು, ಹಲ್ಲುಗಳೋ ಹೆಚ್ಚಿನವುಗಳಲ್ಲಿ ನಮ್ಮ ಚರ್ಮವನ್ನು ದಾಟಲಾರವು.

ಹಿತ್ತಿಲಿಗೆ ಬಂದರೆ ಬೇರೆ ಕುಟುಂಬಗಳು ಸಿಕ್ಕುವವು. ಗಿಡಗಳ ನಡುವೆ ನೆಟ್ಟಗಿನ ಚಕ್ರಬಲೆಯಲ್ಲಿ, ಕಾಲುಗಳನ್ನು ಎರಡೆರಡಾಗಿ ಜೋಡಿಸಿ ಕತ್ತರಿಯಾಕಾರವಾಗಿ ಕೂತು, ಬಲೆಯ ನಡುವೆ ದಪ್ಪ ಬಿಳೀ ನೂಲಿನಿಂದ ಅಂಕುಡೊಂಕಾದ ಗೀಟು ಬರೆಯುವ ಹಳದೀ ಪಟ್ಟೆಯ ಜೇಡವನ್ನು ಎಲ್ಲರೂ ನೋಡಿದ್ದೀರಿ. ಬಯಲುಸೀಮೆಯ ಮುಳ್ಳುಬೇಲಿಗಳಲ್ಲಿ ಕೊಳಕು ಬಟ್ಟೆಯ ಗಂಟಿನಂತೆ ಕಾಣುವ ಗೂಡುಗಳಲ್ಲಿ ನೂರಾರು ಜೇಡಗಳು ಒಟ್ಟಾಗಿ ವಾಸಿಸುವವು. ಇವುಗಳಲ್ಲಿ ಮರಿಗಳು ಕಡೆಗೆ ತಾಯಿಯ ಮೈಯನ್ನೇ ತಿಂದು ಬೆಳೆಯುವವು. ಈ ಜಾತಿಗೆ ೧೮೯೨ರಲ್ಲಿ ಇಟ್ಟ ಹೆಸರು, ಸಿಂಹಳದ್ವೀಪದಲ್ಲಿ ಪ್ರಾಣಿಗಳನ್ನು ಕೂಡಿಸಿದ ಬಾಸೆಲ್ ಪಟ್ಟಣದ ಸರಾಸಿನ್ ಎಂಬ ಇಬ್ಬರು ಬಂಧುಗಳ ಗೌರವಾರ್ಥವಾದದ್ದು. ಆ ಪಟ್ಟಣದ ಹೆಸರನ್ನು ನಮ್ಮಲ್ಲಿ ಕೇಳದವರಿಲ್ಲದ್ದರಿಂದ ಇದನ್ನು ಹೇಳಿದೆವು. ಇನ್ನು ಘಟ್ಟದ ಕಡೆಯಲ್ಲಿ ಮರದ ಪೊಟರೆಗಳಲ್ಲಿಯೂ ಮಣ್ಣಿನ ಬಿಲಗಳಲ್ಲಿಯೂ ದಪ್ಪಕಾಲಿನ, ಮೈತುಂಬಾ ರೋಮವುಳ್ಳ ದೊಡ್ಡ ಜೇಡಗಳುಂಟು. ಇವು ಮಳೆಯಲ್ಲಿ ಒಮ್ಮೊಮ್ಮೆ ಮನೆಗೂ ಬರುವವು. ಮರದಲ್ಲಿ ವಾಸಿಸುವ ಪಟ್ಟೆಯ ಜಾತಿಗಳು ಕಚ್ಚಿದರೆ ಬಹಳ ನೋವೂ, ಕೆಲವು ದಿವಸಗಳ ತನಕ ಸ್ನಾಯುಗಳ ಸೆಳೆತವೂ ಆಗುವವು. ವೈದ್ಯರಿಗೆ ತೋರಿಸಲೇ ಬೇಕು. ಪರದೇಶಗಳಲ್ಲಿ ಹೆಸರಾದ, ಗುಂಡು ಹೊಟ್ಟೆಯ, ಅದರ ಮೇಲೆ ಅಥವಾ ಅಡಿಯಲ್ಲಿ ಕೆಂಪು ಗುರುತುಳ್ಳ ವಿಷದ ಜೇಡದ ಬಂಧುಗಳು ಭಾರತದಲ್ಲಿಯೂ ಸಿಕ್ಕಿದ್ದುಂಟು. ಆದದರಿಂದ ಕಲ್ಲು ಕಟ್ಟಿಗೆಗಳ ರಾಶಿಗೆ ಕಣ್ಣಿಡದೆ ಕೈಯಿಡಬಾರದು.

ಈಗ ಜೇಡದ ಮೇಲೆ ಹೊರಿಸಲ್ಪಟ್ಟ ಸುಳ್ಳು ಅಪವಾದಗಳ ವಿಷಯ. ಮಳೆಗಾಲದಲ್ಲಿ ಕುತ್ತಿಗೆಯಲ್ಲಾಗಲಿ ಮುಖದಲ್ಲಾಗಲಿ ಗೆರೆ ಎಳೆದ ಹಾಗೆ ಉರಿಗುಳ್ಳೆಗಳೆದ್ದರೆ, ಜೇಡ ಉಚ್ಚೆ ಹೊಯ್ದಿತೆನ್ನುವರು. ಜೇಡದ ಉಚ್ಚೆಯಿಂದ ಗುಳ್ಳೆ ಏಳುವದಿಲ್ಲ. ಇದನ್ನು ಮಾಡುವದು ದೀಪಕ್ಕೆ ಬರುವ ಒಂದು ಸಣ್ಣ ಹುಳು. ಅದು ಒಂದು ಸೆಂಟಿಮೀಟರಿಗಿಂತ ಕಡಿಮೆ ಉದ್ದವಾಗಿ, ಇರುವೆಯ ಹಾಗೆ ಸಪೂರವಾಗಿ, ಕೆಂಪೂ ಕಪ್ಪೂ ಪಟ್ಟೆಗಳಿಂದ ಕೂಡಿ, ಬೆನ್ನಿನ ನಡುವೆ ನೀಲಿ ಮಿಂಚುವ ತುಂಡು ಚಿಪ್ಪುಳ್ಳದ್ದು. ಕಾಲುಗಳನ್ನು ಎಣಿಸಿರಿ, ೬ ಇರುವವು. ಅದು ಕಚ್ಚುವದಿಲ್ಲ, ಮೈಮೇಲೆ ಕೂತಾಗ ನಾವು ಉಜ್ಜಿ ಕೊಂದರೆ ಅದರೊಳಗಿನ ರಸವು ಚರ್ಮವನ್ನು ಸುಡುವದು, ಗುಳ್ಳೆಯು ಒಂದು ದಿವಸ ಕಳೆದ ಮೇಲೆ ಏಳುವದು. ಆದದರಿಂದ ಹುಳುವನ್ನು ಊದಿಬಿಡಬೇಕು. ಉಜ್ಜಿದ್ದಾದರೆ ತಡಮಾಡದೆ ಸಾಬೂನಿನಿಂದ ತೊಳೆಯಬೇಕು, ಆ ಕೈಯನ್ನು ಕಣ್ಣಿಗೆ ತಾಗಿಸಬಾರದು. ಮೈಯ ಒಂದೇ ಪಕ್ಕದಲ್ಲಿ, ಮೊದಲು ನೋವು ಬಂದು ಆಮೇಲೆ ಪಟ್ಟಿಯ ಹಾಗೆ ಗುಳ್ಳೆಗಳೆದ್ದರೆ ಅದು ಸರ್ಪಸುತ್ತು. ಜೇಡಕ್ಕೂ ಸರ್ಪಕ್ಕೂ ಅದರಲ್ಲಿ ಕೆಲಸವಿಲ್ಲ. ಹಿಂದೆ ಸೀತಾಳೆ ಸಿಡುಬು ಬಂದವರ ಮೈಯಲ್ಲಿ ಉಳಿದ ರೋಗಾಣುವೇ ಪುನಃ ಏಳುವದು. ಗುಳ್ಳೆಯೆದ್ದ ೩ ದಿವಸಗಳೊಳಗೆ ವೈದ್ಯರ ಬಳಿಗೆ ಹೋದರೆ ಔಷಧವು ಚೆನ್ನಾಗಿ ತಾಕುವದು. ಕೆಮ್ಮಣ್ಣು ಬಳಿದು ಮಂತ್ರಿಸುತ್ತಾ ಕೂತು ಆ ೩ ದಿವಸಗಳನ್ನು ಕಳಕೊಳ್ಳುವವರು ಇನ್ನೂ ಉಂಟು.

ಗಾಯದ ಮೇಲೆ ಜೇಡರ ಬಲೆಯನ್ನು ಒತ್ತುವ ವಾಡಿಕೆಯನ್ನೂ ಬಿಡಬೇಕು. ಮೂಲೆಯ ಬಲೆಯಲ್ಲಿ ಎಷ್ಟು ದಿನದ ಧೂಳೂ ಹುಳುಗಳ ಹೆಣವೂ ಇರುವವೆಂದು ನೋಡಿರಿ. ಅಂಥಾದ್ದನ್ನು ತೆರೆದ ಗಾಯಕ್ಕೆ ತುರುಕಿದರೆ ಧನುರ್ವಾಯುವಿನಂಥಾ ರೋಗಕ್ಕೆ ದಾರಿಯಾಗುವದು. ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದರೆ ರಕ್ತ ನಿಲ್ಲುವದು. ಸುಣ್ಣ ಬಳಿಯುವ ಮೊದಲು ಮಾಡಿನ ಇಲ್ಲಣವನ್ನೂ ಧೂಳು ಹಿಡಿದ ಹಾಳು ಬಲೆಗಳನ್ನೂ ಗುಡಿಸಿಬಿಡುವದು ಒಳ್ಳೇದೇ. ಅವುಗಳಲ್ಲಿ ಯಾವ ಜೇಡವೂ ಇರುವದಿಲ್ಲ. ಜೇಡವಿರುವ ಬಲೆಯು ಸಾಮಾನ್ಯವಾಗಿ ಶುದ್ಧವಾಗಿಯೇ ಕಾಣುವದು.

ಇನ್ನು ಆ ರಾತ್ರಿಯ ಸಂಗತಿ. ಬೆಳಗಿನ ಜಾವಕ್ಕೆ ಆ ಹುಡುಗನಿಗೆ ಹೊಟ್ಟೆನೋವು ಬಂದು ವಾಂತಿಯಾಯಿತು. ಊಟ ಒಗ್ಗಲಿಲ್ಲವೆಂದು ತಾಯಿಯು ಜೀರಿಗೆ ಕಷಾಯ ಮಾಡಿಕೊಟ್ಟಳು. ಅವನು ಅದನ್ನು ನುಂಗಲಾರದೆ ಉಗುಳಿದನು. ಬೆಳಕು ಹರಿಯುವಷ್ಟರಲ್ಲಿ ಅವನ ಕಣ್ಣುರೆಪ್ಪೆಗಳು ಜೋತುಬಿದ್ದವು, ನಿದ್ದೆಯೆಂದುಕೊಂಡೆವು. ನಾವು ಹೆಸರು ಹಿಡಿದು ಕರೆದಾಗ ಅವನು ತಲೆಯನ್ನು ಹಿಂದಕ್ಕೆ ಬಾಗಿಸಿ ಸಂದಿನಿಂದ ನೋಡಿದನು, ನಾಲಿಗೆ ತೊದಲಿತು. ಆಗ ನಮಗೆ ತಿಳಿಯಿತು. ನೆರೆಯವರ ಜೀಪಿನಲ್ಲಿ ಅವನನ್ನು ಸಾಗಿಸುವಾಗ ಅವನು ಉಸಿರಿಗಾಗಿ ಕಷ್ಟಪಡುತ್ತಿದ್ದನು. ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಔಷಧ ಕೊಟ್ಟು, ಉಸಿರಾಡಿಸುವ ಯಂತ್ರಕ್ಕೆ ಹಚ್ಚಿದರು. ಅದೇ ದಿವಸ ಮನೆಯಲ್ಲಿ ಅಕ್ಕಿ ಮೂಟೆಗಳನ್ನು ಸರಿಸಿದಾಗ ಒಂದು ಕಟ್ಟುಹಾವು ಸಿಕ್ಕಿತು.

ಕಟ್ಟುಹಾವನ್ನು ಕೆಲವರು ಕಡಂಬಳವೆನ್ನುವರು. ಕಪ್ಪು ಮೈ, ಅದರ ಮೇಲೆ ಸಪೂರವಾದ ಬಿಳೀ ಅಡ್ಡಪಟ್ಟೆಗಳು. ಅದು ರಾತ್ರಿ ತಿರುಗುವದು, ನೆಲದಲ್ಲಿ ಮಲಗಿದವರನ್ನು ಕಚ್ಚುವದು. ಅದರ ಹಲ್ಲು ಬಹಳ ಚಿಕ್ಕದಾದದರಿಂದ ಗುರುತು ಕಾಣದೆ ಹೋಗಬಹುದು; ನೋವೂ ಬಾವೂ ಇಲ್ಲದೆ ಇರಬಹುದು. ಇದನ್ನು ತಿಳಿಯದೆ ನಾವು, ಬಾವಿಲ್ಲ ಉರಿಯಿಲ್ಲ, ಆದದರಿಂದ ಜೇಡವೇ ಸರಿ ಎಂದೆವು. ಜೇಡವನ್ನು ಬಲ್ಲವನಾದರೆ ತಿರುಗಿಸಿ ಹೇಳುತ್ತಿದ್ದನು: ಚಪ್ಪಟೆ ಜೇಡವು ಕಚ್ಚಿದ್ದಾದರೆ ನೋವು ಇರಲೇ ಬೇಕಿತ್ತು; ನೋವಿಲ್ಲದ ಮೇಲೆ ಕಚ್ಚಿದ್ದು ಗೋಡೆಯ ಮೇಲಿನದ್ದಲ್ಲ, ನೆಲದ ಮೇಲೆ ಹುಡುಕಿರಿ. ಆದದರಿಂದ ರಾತ್ರಿ ಮಲಗಿದವನು ಏನೋ ಚುಚ್ಚಿತೆಂದು ಎದ್ದರೆ, ಗೋಡೆಯಲ್ಲಿ ಯಾವ ಪ್ರಾಣಿ ಕಂಡರೂ ಅದನ್ನು ಕಾರಣವೆಂದು ಹಿಡಿಯಬೇಡಿರಿ. ಬೆಳಗಾಗಲೆಂದು ಕಾಯದೆ, ಹೊಟ್ಟೆನೋವು, ವಾಂತಿ, ರೆಪ್ಪೆ ಜೋಲುವದು ಇವುಗಳು ತೋರುವದಕ್ಕೆ ಮೊದಲೇ ಅವನನ್ನು ಆಸ್ಪತ್ರೆಗೆ ಒಯ್ಯಿರಿ. ಅವನನ್ನು ನಡೆಸಬಾರದು, ಕೈಕಾಲಿಗೆ ದಬ್ಬೆಯನ್ನು ಆಸರೆಯಾಗಿಟ್ಟು, ಉಂಗುರ ಬಳೆಗಳನ್ನು ತೆಗೆದು, ಮಲಗಿಸಿ ಸಾಗಿಸಬೇಕು. ಹಗ್ಗದಿಂದ ಬಿಗಿಯುವದು, ಕೊಯ್ಯುವದು, ಬಾಯಿಂದ ಹೀರುವದು ಒಂದೂ ಬೇಡ. ೧೦೮ಕ್ಕೆ ಕರೆ ಮಾಡಿದರೆ ಗಾಡಿ ಬರುವದು. ಅದು ತಡವಾಗುವದಾದರೆ ಸಿಕ್ಕಿದ ಗಾಡಿಯಲ್ಲಿ ಹೊರಡಬೇಕು. ನೆಲದಲ್ಲಿ ಮಲಗುವವರು ಸೊಳ್ಳೆಪರದೆಯ ಅಂಚನ್ನು ಚಾಪೆಯ ಕೆಳಗೆ ಸುತ್ತಲೂ ಸಿಕ್ಕಿಸಿಕೊಂಡರೆ ಹಾವು ಒಳಗೆ ಬರುವದಕ್ಕೂ ಅಡ್ಡಿಯಾಗುವದು.

ಆ ಹುಡುಗನು ಐದನೇ ದಿವಸ ತಾನಾಗಿ ಉಸಿರಾಡಿದನು, ಎರಡು ವಾರಗಳಲ್ಲಿ ಮನೆಗೆ ಬಂದನು. ಈಗ ಅವನ ಮನೆಯಲ್ಲಿ ಅಕ್ಕಿ ಮೂಟೆಗಳು ಕಾಳು ಕೋಣೆಯಲ್ಲಿ ಹಲಿಗೆಯ ಮೇಲಿರುತ್ತವೆ, ಎಲ್ಲರೂ ಪರದೆಯೊಳಗೆ ಮಲಗುತ್ತಾರೆ. ಹೋದ ಮಳೆಗಾಲದಲ್ಲಿ ನಾವು ಅಲ್ಲಿಗೆ ಹೋದಾಗ, ಬಿಳೀ ಬಿಲ್ಲೆ ಹಿಡುಕೊಂಡ ಒಂದು ಚಪ್ಪಟೆ ಜೇಡವು ಗಡಿಯಾರದ ಪಕ್ಕದಲ್ಲಿ ಕೂತಿತ್ತು. ಮೊಮ್ಮಕ್ಕಳಲ್ಲಿ ಒಬ್ಬನು ಪೊರಕೆ ಎತ್ತಿದ್ದಕ್ಕೆ ಅಜ್ಜಿಯು, “ಇಳಿಸೋ ಅದನ್ನು, ಬಸುರಿ ಅದು” ಎಂದು ಗದರಿಸಿದಳು.